ಮೊದಲ ಸಾಲಷ್ಟೇ ಓದಿದವಳು

ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ಎದುರಿಗೆ ನಿಂತು ಹೇಳುವ ಧೈರ್ಯವಿದ್ದಿದ್ದರೆ ಕಾಗದ ಬರೆಯುತ್ತಿರಲಿಲ್ಲ. ನಾಲ್ಕು ಸಲ ನಿನ್ನ ಮನೆ ಬಾಗಿಲವರೆಗೆ ಬಂದು, ಚಪ್ಪಲಿ ಕೂಡ ಬಿಡದೆ ವಾಪಸ್ ಹೋಗಿದ್ದೇನೆ.

ಅಮ್ಮ ಆರಾಮಿದ್ದಾಳೆ. ನೀನು ನಟನೆಗೆ ಹೋದಾಗಿನಿಂದ ಹೇಗಿದ್ದಳೋ ಹಾಗೇ. ನಿನ್ನ ಹೆಸರೆತ್ತಿದರೆ ಎದ್ದು ಹೋಗುತ್ತಾಳೆ. ಗುರುವಾರ ಸಂಜೆ ನಾನು ನಿನ್ನ ಧಾರಾವಾಹಿ ಹಾಕಿದರೆ ಬಟ್ಟೆ ಗಂಟು ಎತ್ತಿಕೊಂಡು ಇಸ್ತ್ರಿಯವಳ ಮನೆಗೆ ನಡೆದುಬಿಡುತ್ತಾಳೆ.

ಧಾರಾವಾಹಿಯಲ್ಲಿ ನಿನ್ನ ಪಾತ್ರವನ್ನು, ಆ ಆಕಾಶನೌಕೆಯ ಡಾಕ್ಟರಮ್ಮನನ್ನು, ಸಾಯಿಸಿದ ದಿನ ನೀನು ಮುಖದ ಬಣ್ಣ ಒರೆಸುತ್ತಾ, ಜನಕ್ಕೇ ಬೇಡವಾದ ಮೇಲೆ ಇನ್ನು ಬಣ್ಣ ಹಚ್ಚೋದಿಲ್ಲ ಕಣೇ ಗುಬ್ಬಿ ಅಂದೆ. ಕನ್ನಡಿ ಹಿಡಿದುಕೊಂಡಿದ್ದವಳು ನಾನೇ. ಜನಕ್ಕೆ ನೀನು ಬೇಡವಾಗಿರಲಿಲ್ಲ ಅಕ್ಕ. ತಪ್ಪು ನನ್ನದು.

ಚಾನೆಲ್ ಆಫೀಸಿನಲ್ಲಿ ನನಗೆ ಕೆಲಸ ಕೊಡಿಸುವಾಗ ನೀನು, ನಮ್ಮ ಹುಡುಗಿ ಹತ್ತು ಓದಿದ್ದಾಳೆ ಅಂದಿದ್ದೆ. ಅಮ್ಮನಂತೆ ಹೆಬ್ಬೆಟ್ಟಲ್ಲದಿದ್ದರೂ ನಾನು ನಾಲ್ಕನೇ ಕ್ಲಾಸಿಗೇ ಬಿಟ್ಟವಳೆಂದು ನಿನಗೂ ಗೊತ್ತು. ಪ್ರೇಕ್ಷಕರ ಕಾಗದ ಒಡೆದು ಓದಿ, ಡಾಕ್ಟರಮ್ಮ ಇರಲಿ ಎನ್ನುವವನ್ನು ಒಂದು ಡಬ್ಬಕ್ಕೆ, ಹೋಗಲಿ ಎನ್ನುವವನ್ನು ಇನ್ನೊಂದಕ್ಕೆ ಹಾಕಬೇಕಿತ್ತು. ಕನ್ನಡಕದ ಸಾಹೇಬರು ಎಣಿಸುವವರಲ್ಲ. ಶನಿವಾರ ಎರಡೂ ಡಬ್ಬ ಎತ್ತಿ ನೋಡುತ್ತಾರೆ. ಯಾವುದು ಭಾರವೋ ಅದೇ ಜನಾಭಿಪ್ರಾಯ.

ಗೀಚಿದ ಅಕ್ಷರವಾದರೆ ನನಗೆ ಒಂದು ಹಾಳೆಗೆ ಅರ್ಧ ಗಂಟೆ ಬೇಕು. ನೌಕೆಯ ಮುದಿ ನಾಯಕ ನಿನ್ನ ಕೈಯಲ್ಲಿ ಕಣ್ಣು ಮುಚ್ಚಿದ ವಾರ ಮೂರು ಮೂಟೆ ಬಂದವು. ಪಕ್ಕದ ಮೇಜಿನ ಟೈಪಿಸ್ಟಮ್ಮ, ಏನಮ್ಮ, ಕಾಗದ ಓದ್ತೀಯೋ ಅಕ್ಕಿ ಆರಿಸ್ತೀಯೋ ಅಂತ ಎಲ್ಲರೆದುರು ನಗಾಡಿದಳು. ಅವತ್ತಿನಿಂದ ಮೊದಲ ಸಾಲಷ್ಟೇ ಓದಿದೆ.

ಆ ಸಾಲುಗಳು ಹೇಗಿದ್ದವು ಗೊತ್ತಾ? ನಿನ್ನ ಕೈ ಸೇದಿಹೋಗ, ಆ ಮುದುಕನನ್ನು ಉಳಿಸೋಕಾಗಲಿಲ್ಲವೇನೇ ಅಂತ. ನಿನ್ನ ಮನೆ ಹಾಳಾಗ, ಮೂರು ದಿನ ಊಟ ಸೇರಲಿಲ್ಲ ಅಂತ. ಬೈಗುಳ ಕಂಡದ್ದೇ ತಡ, ಹೋಗಲಿ ಡಬ್ಬಕ್ಕೆ ಹಾಕಿದೆ. ನಮ್ಮ ಮನೆಯಲ್ಲೂ ಮುದ್ದು ಉಕ್ಕಿದಾಗಲೇ ಬೈಯುತ್ತಿದ್ದರು ಎಂಬುದು ಆಗ ನೆನಪಾಗಲಿಲ್ಲ.

ಬಣ್ಣ ಹಚ್ಚೋದಿಲ್ಲ ಅನ್ನುವ ನಿನ್ನ ಮಾತು ಕೇಳಿದ ಮೇಲೆ ಆ ಡಬ್ಬ ಮನೆಗೆ ತಂದು, ಬೆರಳಿಟ್ಟು ಕೊನೆಯವರೆಗೂ ಓದಿದೆ. ಕೈ ಸೇದಿಹೋಗ ಅಂದ ಅಜ್ಜಿಯೇ ಕೆಳಗೆ, ನನ್ನ ಆಯಸ್ಸೂ ನಿನಗಿರಲಿ ಮಗಳೇ ಎಂದಿದ್ದಾಳೆ. ಒಬ್ಬ ಬಸ್ ಡ್ರೈವರ್, ಜ್ವರ ಬಂದರೆ ತನ್ನ ಮಗು ನಿನ್ನನ್ನೇ ಕರೆಸು ಅಂತ ಹಟ ಹಿಡಿಯುತ್ತದೆ ಎಂದು ಬರೆದಿದ್ದಾನೆ. ಹತ್ತರಲ್ಲಿ ಒಂಬತ್ತು ಹೀಗೇ.

ಇವತ್ತು ಬೆಳಿಗ್ಗೆ ಸಾಹೇಬರಿಗೆ ಹೇಳಿದೆ. ಒಂದು ಕಾಗದ ಕೊಟ್ಟು ಓದಮ್ಮ ಅಂದರು. ಎರಡು ಸಾಲಿಗೇ ಬೆವರಿಬಿಟ್ಟೆ. ಓದೋಕೆ ಬರೋದಿಲ್ಲ ಅಂತ ಮೊದಲೇ ಅಂದಿದ್ದರೆ ನುಂಗಿಬಿಡ್ತಿದ್ದೆನಾ ಅಂದರು. ಸತ್ತವರನ್ನು ಎಬ್ಬಿಸೋದು ನಮ್ಮ ಕಥೆಯಲ್ಲೂ ಕಷ್ಟ ಅಂತ ತಲೆ ತಗ್ಗಿಸಿಕೊಂಡರು. ನಾಳೆಯಿಂದ ನನಗೆ ಕೆಲಸವಿಲ್ಲ. ಅದು ಸರಿಯೇ.

ನನ್ನನ್ನು ಎಷ್ಟು ಬೇಕಾದರೂ ಬೈಯಿ. ಬಣ್ಣ ಹಚ್ಚುವುದನ್ನು ಮಾತ್ರ ಬಿಡಬೇಡ.

ಮುಖ ತೋರಿಸಲಾರದ ನಿನ್ನ ತಂಗಿ,
ಗುಬ್ಬಿ

ಮರೆತ ಮಾತು: ಜೊತೆಗಿಟ್ಟ ನೀಲಿ ಹಾಳೆ ಆ ಡಬ್ಬದ ತಳದಲ್ಲಿತ್ತು. ಅಕ್ಷರ ಇಸ್ತ್ರಿಯವಳದು, ಮಾತು ಅವಳದಲ್ಲ. ಮಾನಗೆಟ್ಟವಳೇ ಅಂತಲೇ ಶುರು. ಕೊನೆಯಲ್ಲಿ ಚಾನೆಲ್‌ನವರಿಗೆ, ಅವಳ ಬಲಹುಬ್ಬಿನ ಮೇಲೆ ಏಣಿಯಿಂದ ಬಿದ್ದ ಗುರುತಿದೆ, ಬಣ್ಣ ಬಳಿದು ಮುಚ್ಚಬೇಡಿ, ವಾರಕ್ಕೊಮ್ಮೆ ನೋಡುವ ಮುಖ ಪೂರಾ ಕಾಣಲಿ ಎಂದಿದೆ. ಕೆಳಗೆ ಹೆಸರಿಲ್ಲ. ಹೆಬ್ಬೆಟ್ಟು ಒತ್ತಿದ್ದಾಳೆ.