ಕಿಟಕಿಗೆ ಅಡ್ಡ ಬಂದ ಗೋಡೆ

ಮಾರ್ಚ್ 3, ಸೋಮವಾರ

ಪೆನ್ಸಿಲ್ ಹೆರೆದೆ, ಕಾಫಿ ಕುಡಿದೆ, ಮತ್ತೆ ಪೆನ್ಸಿಲ್ ಹೆರೆದೆ. ಬೆಳಗಿನ ಕೆಲಸ ಇಷ್ಟೇ. ಹನ್ನೊಂದಕ್ಕೆ ಹೊಸ ಗಿರಾಕಿಗಳು — ಅಕ್ಕ ತಂಗಿ. ಅಕ್ಕ ರಿಟೈರ್ಡ್ ಹೆಡ್‌ಮಿಸ್, ತಂಗಿ ರಿಟೈರ್ಡ್ ನರ್ಸ್. ಪಾರ್ಕಿನ ಎದುರಿಗೆ ಅಪ್ಪ ಬಿಟ್ಟುಹೋದ ಒಂದು ಸೈಟು. ಅದರಲ್ಲಿ ಎರಡು ಮನೆ ಬೇಕಂತೆ, ನಡುವೆ ಗೋಡೆ. ಮಾತು ಬಿಟ್ಟು ವರ್ಷಗಳಾಗಿವೆ. ಒಂದೇ ಸೋಫಾದ ಮೇಲೆ ಕೂತು ಇಬ್ಬರೂ ನನ್ನ ಹತ್ತಿರವೇ ಮಾತು.

"ಅವಳಿಗೆ ಹೇಳಿ, ಗೋಡೆ ದಪ್ಪ ಇರ್ಬೇಕು. ಅವಳ ರೇಡಿಯೋ ನಂಗೆ ಕೇಳಿಸಬಾರದು" ಎಂದರು ಹೆಡ್‌ಮಿಸ್.

"ಅವರಿಗೆ ಹೇಳಿ, ನನ್ನ ರೇಡಿಯೋಗಿಂತ ಅವರ ಗೊರಕೆ ಜೋರು" ಎಂದರು ನರ್ಸ್.

ಯಾರಿಗೂ ಏನೂ ಹೇಳಲಿಲ್ಲ. ಇಬ್ಬರ ಕಿವಿಯೂ ಚೆನ್ನಾಗಿಯೇ ಇದೆ.

ನನ್ನ ಪದ್ಧತಿ ವಿವರಿಸಿದೆ. ಒಂದು ಗೆರೆ ಎಳೆಯುವ ಮೊದಲು ನನಗಿಷ್ಟವಾದ ಮೂರು ಕಟ್ಟಡಗಳಿಗೆ ಕರೆದೊಯ್ಯುತ್ತೇನೆ. ಅಲ್ಲಿ ಮನೆಯ ಮಾತು ಎತ್ತಬಾರದು. ಸುಮ್ಮನೆ ಓಡಾಡಬೇಕು. ಕಾಲು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ನಕ್ಷೆ ಶುರು. ಒಪ್ಪಿದರು — ಬೇರೆ ಬೇರೆ ದಿನ ಆದರೆ ಮಾತ್ರ.

ಸಂಜೆ ಹೆಂಡತಿ ಕೇಳಿ ನಕ್ಕಳು. "ಎರಡು ಮನೆ ಕೇಳಿದಾರೆ, ಎರಡು ಕಟ್ಕೊಡಿ. ಕಟ್ಟಡ ತೋರಿಸಿ ಮನಸ್ಸು ಕೂಡ್ಸಕ್ಕಾಗತ್ತೇನ್ರೀ?"

"ಆಗತ್ತೆ" ಎಂದೆ. ಬಾಯಿಗೆ ಬಂದ ಜಂಬ. ಆದರೆ ಆ ಗೋಡೆ ಎಳೆಯಲು ನನಗೆ ಮನಸ್ಸಿಲ್ಲ. ಅದಂತೂ ನಿಜ.

ಮಾರ್ಚ್ 8, ಶನಿವಾರ

ಹೆಡ್‌ಮಿಸ್ ಜೊತೆ ಸುತ್ತಾಟ. ಮೊದಲು ರೈಲ್ವೆ ಸ್ಟೇಷನ್ನಿನ ಟಿಕೆಟ್ ಹಾಲ್. ಒಳಗೆ ಕಾಲಿಟ್ಟ ಕೂಡಲೇ ದನಿ ತಗ್ಗಿಸಿದರು. ಎಲ್ಲರೂ ತಗ್ಗಿಸುತ್ತಾರೆ! ಯಾರೂ ಬೋರ್ಡು ಹಾಕಿಲ್ಲ, ಆ ಎತ್ತರದ ಚಾವಣಿಯೇ ಹೇಳುತ್ತದೆ. ಮೊದಲ ನೌಕರಿಗೆ ಹೊರಟ ದಿನ ವಾಪಸ್ ಮನೆಗೆ ಓಡಿಬಿಡೋಣ ಅನ್ನಿಸಿತ್ತು ನನಗೆ. ಈ ಹಾಲಿನಲ್ಲಿ ನಿಂತು ತಲೆಯೆತ್ತಿ ನೋಡಿದೆ, ಧೈರ್ಯ ಬಂತು. ಯಾಕೆಂದು ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಹಳೆಯ ಈಜುಕೊಳದ ಕಟ್ಟಡ. ನೀರಿನ ಬೆಳಕು ಚಾವಣಿಯಲ್ಲಿ ಕುಣಿಯುವುದನ್ನು ನೋಡಲೆಂದೇ ಟಿಕೆಟ್ ಕೊಂಡು ಹೋಗುತ್ತೇನೆ. ಈಜು ಬಾರದು. ಅಲ್ಲಿನ ಕಾವಲುಗಾರ ನನಗಿಟ್ಟ ಹೆಸರು 'ಒಣಮೀನು'. ಹೆಡ್‌ಮಿಸ್ ಮೂಗು ಮುಚ್ಚಿಕೊಂಡು ಹೊರಗೆ ನಡೆದರು.

ಕೊನೆಗೆ ಲೈಬ್ರರಿ. ಪಶ್ಚಿಮದ ದಪ್ಪ ಗೋಡೆಯ ಕಿಟಕಿಯೊಳಗೇ ಕೂರಲು ಅಗಲದ ಕಟ್ಟೆ. ಹೆಡ್‌ಮಿಸ್ ಅಲ್ಲಿ ಕೂತವರು ಏಳಲೇ ಇಲ್ಲ. ನಾನು ಪೇಪರ್ ಎಲ್ಲ ಓದಿದೆ, ವಧು-ವರ ಕಾಲಂ ಸಮೇತ.

"ಕಾಲು ನಿಂತಿತಾ ಮೇಡಂ?"

"ಇದು ಬೇಕು. ಇಷ್ಟೇ ಉದ್ದ. ಕಾಲು ನೀಡ್ಕೊಂಡು ಕೂರೋ ಹಾಗೆ." ದನಿ ಸ್ವಲ್ಪ ಬೇರೆಯಾಗಿತ್ತು.

ಮಾರ್ಚ್ 12, ಬುಧವಾರ

ನರ್ಸ್ ಸರದಿ. ಸ್ಟೇಷನ್ನಿನಲ್ಲಿ ಯಾರದೋ ಲಗೇಜು ಹೊತ್ತು ಕೊಟ್ಟರು. ಈಜುಕೊಳದಲ್ಲಿ ಚಪ್ಪಲಿ ಬಿಟ್ಟು ನೀರಿಗೆ ಕಾಲು ಇಳಿಬಿಟ್ಟರು, ಕಾವಲುಗಾರ ಸೀಟಿ ಊದಿದ. ಲೈಬ್ರರಿಯಲ್ಲಿ... ಅದೇ ಕಿಟಕಿ! ನಾನು ಏನೂ ಹೇಳಿರಲಿಲ್ಲ. ದೇವರಾಣೆಗೂ ಇಲ್ಲ.

"ಇಲ್ಲಿ ಎದುರುಬದುರು ಕೂತ್ರೆ ಇಬ್ರ ಪಾದನೂ ಮಧ್ಯದಲ್ಲಿ ಸೇರತ್ತೆ. ಚಿಕ್ಕೋರಿದ್ದಾಗ ನಾವು—" ಎಂದವರು ತಟ್ಟನೆ ನಿಲ್ಲಿಸಿ ಚಪ್ಪಲಿ ಮೆಟ್ಟಿಕೊಂಡರು.

ಕಾರಿನವರೆಗೂ ಕುಣಿದುಕೊಂಡೇ ಹೋದೆ, ಒಳಗೊಳಗೆ.

ಮಾರ್ಚ್ 20, ಗುರುವಾರ

ಪೇಚಾಟ. ಇಬ್ಬರಿಗೂ ಲೈಬ್ರರಿಯಂಥ ಕಿಟಕಿ ಕಟ್ಟೆ ಬೇಕು. ಪಾರ್ಕು ಕಾಣುವ, ಸಂಜೆ ಬಿಸಿಲು ಬೀಳುವ ಜಾಗ ಆ ಸೈಟಿನಲ್ಲಿ ಇರುವುದು ಒಂದೇ — ಮುಂಭಾಗದ ನಟ್ಟನಡುವೆ. ಉಳಿದದ್ದೆಲ್ಲ ಅಕ್ಕಪಕ್ಕದ ಮನೆಗಳ ನೆರಳು. ನಡುಗೋಡೆ ಬರಬೇಕಾದದ್ದೂ ಸರಿಯಾಗಿ ಅಲ್ಲೇ.

ಇಬ್ಬರನ್ನೂ ಕರೆಸಿದೆ. "ಗೋಡೆ ಕಿಟಕಿಯವರೆಗೆ ಬರೋದು ಬೇಡ, ಸ್ವಲ್ಪ ಹಿಂದೆಯೇ ನಿಲ್ಲಿಸೋಣ. ಒಂದೇ ಕಿಟಕಿ, ಒಂದೇ ಕಟ್ಟೆ, ಇಬ್ರಿಗೂ" ಎಂದೆ.

"ಬೇಡ" ಎಂದರು. ಇಬ್ಬರೂ ಒಟ್ಟಿಗೇ. ಅವರು ಒಮ್ಮತಕ್ಕೆ ಬಂದದ್ದು ಅದೊಂದರಲ್ಲೇ.

ಗೋಡೆ ಎಳೆದೆ. ಕಿಟಕಿ ಎರಡು ಹೋಳು, ಕಟ್ಟೆ ಎರಡು ತುಂಡು. ಕೂತರೆ ಮೊಣಕಾಲು ಗಲ್ಲಕ್ಕೆ ತಾಗಬೇಕು, ಬಸ್ಸಿನ ಹಿಂದಿನ ಸೀಟಿನಂತೆ. ನಾನು ಎಳೆದ ಅತಿ ಕೆಟ್ಟ ಗೆರೆ ಇದು. ಹೆಂಡತಿ ನಕ್ಷೆ ನೋಡಿದಳು, ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು.

ಏಪ್ರಿಲ್ 6, ಭಾನುವಾರ

ಇವತ್ತು ಸೈಟಿನಲ್ಲಿ ಸುಣ್ಣದ ಪುಡಿಯಿಂದ ನೆಲದ ಮೇಲೆ ಮನೆ ಬರೆದೆವು, ನಿಜವಾದ ಅಳತೆಯಲ್ಲಿ. ನಕ್ಷೆ ಅರ್ಥವಾಗದವರೂ ಹೀಗೆ ನಡೆದು ನೋಡಬಹುದು. ಕಿಟಕಿ ಕಟ್ಟೆಯ ಜಾಗದಲ್ಲಿ ಇಟ್ಟಿಗೆ ಪೇರಿಸಿ ಹಲಗೆ ಹಾಕಿಸಿದೆ. ಒಂದೇ ಉದ್ದನೆಯ ಹಲಗೆ. ತುಂಡು ಹಲಗೆ ಸಿಗಲಿಲ್ಲ... ನಾನು ಹುಡುಕಲೂ ಇಲ್ಲ. ಅದರ ನಡುವೆ ಅಡ್ಡಕ್ಕೆ ಬಿಳಿ ಗೆರೆ — ಗೋಡೆ.

ಇಬ್ಬರೂ ತಮ್ಮ ತಮ್ಮ ಅಡುಗೆಮನೆಯಲ್ಲಿ ನಡೆದರು, ಇಲ್ಲದ ಬಾಗಿಲು ತೆರೆದರು. ಆಮೇಲೆ ಹಲಗೆಯ ಆ ತುದಿಗೊಬ್ಬರು, ಈ ತುದಿಗೊಬ್ಬರು ಕೂತರು, ಮೊಣಕಾಲು ಮಡಚಿಕೊಂಡು. ಬಿಸಿಲು ಇಬ್ಬರ ಮೇಲೂ ಬಿತ್ತು. ಪಾರ್ಕಿನಲ್ಲಿ ಮಕ್ಕಳ ಗಲಾಟೆ. ನಾನು ಟೇಪು ಸುತ್ತುವ ನೆಪದಲ್ಲಿ ಅಲ್ಲೇ ಸುಳಿದಾಡಿದೆ.

ಹೆಡ್‌ಮಿಸ್ ಮಂಡಿ ಒತ್ತಿಕೊಂಡರು.

"ಕಾಲು ನೀಡಕ್ಕಾ. ಆಮೇಲೆ ಹಿಡ್ಕೊಳತ್ತೆ."

ನರ್ಸ್ ಹೇಳಿದ್ದು. ನನಗಲ್ಲ!

"ಗೆರೆ ಅಳಿಸಿಹೋಗತ್ತಲ್ಲೇ."

"ಹೋದ್ರೆ ಹೋಗ್ಲಿ ಬಿಡು."

ಅಕ್ಕ ಕಾಲು ನೀಡಿದರು. ತಂಗಿಯೂ. ಪಾದಕ್ಕೆ ಪಾದ ತಾಗಿತು, ಸುಣ್ಣ ಮೆತ್ತಿಕೊಂಡಿತು. ಯಾರೂ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಮರಳಿನ ರಾಶಿಯ ಹಿಂದೆ ಹೋಗಿ ಕಣ್ಣೊರೆಸಿಕೊಂಡೆ. "ಸುಣ್ಣ ಬಿತ್ತಾ ಸಾರ್?" ಎಂದ ಮೇಸ್ತ್ರಿ. ಹೂಂ ಎಂದೆ. ಬಹಳ ಖುಷಿಯಾಗಿತ್ತು. ಇನ್ನೂ ಇದೆ.

ಏಪ್ರಿಲ್ 7, ಸೋಮವಾರ

ಆಫೀಸಿನ ಬೀಗ ತೆಗೆಯುವ ಮೊದಲೇ ಇಬ್ಬರೂ ಬಾಗಿಲಲ್ಲಿ. ಈಗ ನೇರಾನೇರ ಜಗಳ, ಮಧ್ಯೆ ನಾನು ಬೇಕಿಲ್ಲ. ಕಟ್ಟೆಯ ಮೇಲಿನ ದಿಂಬಿಗೆ ಯಾವ ಬಣ್ಣ ಎಂದು ಅರ್ಧ ಗಂಟೆಯಿಂದ ನಡೆದಿದೆ. ಸುಮ್ಮನೆ ಕೂತು ಇದನ್ನು ಬರೆಯುತ್ತಿದ್ದೇನೆ.

"ಗೋಡೆ ಇರ್ಲಿ ಸಾರ್. ಕಿಟಕಿ ಹತ್ರ ಮಾತ್ರ ಬೇಡ" ಎನ್ನುತ್ತಿದ್ದಾರೆ ಹೆಡ್‌ಮಿಸ್.

"ಇನ್ನೂ ಸ್ವಲ್ಪ ಹಿಂದಕ್ಕೆ ತಳ್ಳಕ್ಕಾ, ಟೀ ಟೇಬಲ್‌ಗೂ ಜಾಗ ಬೇಕು."

ರಬ್ಬರ್ ತರುತ್ತೇನೆ, ತಡೆಯಿರಿ ಎಂದೆ. ಯಾರು ಕೇಳಬೇಕು? ಹೆಡ್‌ಮಿಸ್ ಬ್ಯಾಗಿನಿಂದ ಕೆಂಪು ಪೆನ್ನು ತೆಗೆದರು. ಅಯ್ಯೋ, ಅದು ಮೂಲ ನಕ್ಷೆ... ನನ್ನ ಗೋಡೆಗೆ ಅಡ್ಡಗೀಟು ಹೊಡೆದೇ ಬಿಟ್ಟರು, ಈಗ ಪಕ್ಕದಲ್ಲಿ ಏನೋ ಬರೆಯುತ್ತಿದ್ದಾರೆ. ಮೊದಲು ಆ ಪೆನ್ನು ಕಿತ್ತುಕೊಳ್ಳಬೇಕು, ಎದ್ದೆ—