ಹನ್ನೊಂದು ಮನೆಗಳಿಂದ ವಾಪಸ್ ಪಡೆದ ಕ್ಷಮೆ

ಕಾಮಿತ್ಸು
ನವೆಂಬರ್ ೧೯, ೨೦೦೨, ಮಂಗಳವಾರ

ಪ್ರೀತಿಯ ಅಣ್ಣಾ,

ನೀನೂ ಸುಮಿಯೆ ಅತ್ತಿಗೆಯೂ ಆರೋಗ್ಯವಾಗಿದ್ದೀರಾ? ಮೊನ್ನೆ ಟಿವಿಯಲ್ಲಿ ಕುಶಿರೊ ಬಂದರನ್ನು ತೋರಿಸಿದರು. ಆಗಲೇ ಹಿಮ ಬಿದ್ದು ದೋಣಿಗಳ ಹಗ್ಗಗಳೆಲ್ಲ ಬೆಳ್ಳಗಾಗಿದ್ದವು. ಆ ಚಳಿಯಲ್ಲಿ ದೋಣಿಯ ಎಂಜಿನ್ ಮೇಲೆ ಬಗ್ಗಿ ಕೂತಿರುವ ನಿನ್ನ ಬೆನ್ನು ಹೇಗಿದೆಯೋ ಅಂತ ಯೋಚನೆಯಾಯಿತು. ಅತ್ತಿಗೆ ಹೊಲಿದುಕೊಟ್ಟ ಸೊಂಟಪಟ್ಟಿ ಕಟ್ಟಿಕೊಳ್ಳದೆ ಕೆಲಸಕ್ಕೆ ಹೋಗಬೇಡ. ನೀನು ಅದನ್ನು ಕಪಾಟಿನಲ್ಲಿ ಇಟ್ಟೇ ಹೋಗುತ್ತೀಯ ಅಂತ ಅವರು ಹೊಸವರ್ಷದ ಕಾರ್ಡಿನಲ್ಲಿ ದೂರಿದ್ದರು. ಇಲ್ಲಿ ಒಣ ಗಾಳಿ ಶುರುವಾಗಿದೆ. ಒಣಗಲು ಹಾಕಿದ ಬಟ್ಟೆ ಎದುರು ಮನೆಯ ಬೇಲಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಕಿತ್ತಳೆ ಹಣ್ಣಾಗಿದೆ, ಒಂದು ಪೆಟ್ಟಿಗೆ ಕಳಿಸಿದ್ದೇನೆ. ಅಮ್ಮ ಇದ್ದಾಗ ಕಳಿಸುತ್ತಿದ್ದ ಅದೇ ಮರದ್ದು. ತಳದಲ್ಲಿರುವ ಹಣ್ಣುಗಳನ್ನು ಮೊದಲು ತಿನ್ನಿ.

ಕಂಪನಿಯ ಸುದ್ದಿ ನಿಮ್ಮಲ್ಲೂ ಬಂದಿರಬೇಕು. ಕಳೆದ ಬುಧವಾರ ಮಿನೋಬೆ ಮೋಟಾರ್ಸ್‌ನ ಅಧ್ಯಕ್ಷರೂ ಮೂವರು ನಿರ್ದೇಶಕರೂ ಕ್ಯಾಮೆರಾಗಳ ಮುಂದೆ ಸಾಲಾಗಿ ನಿಂತು ಸೊಂಟ ಬಗ್ಗಿಸಿದರು. ಇಪ್ಪತ್ತು ವರ್ಷಗಳಿಂದ ಗಿರಾಕಿಗಳ ದೂರಿನ ಪತ್ರಗಳನ್ನು ಎರಡು ಭಾಗ ಮಾಡಿ, ಒಂದನ್ನು ಮಾತ್ರ ಸರ್ಕಾರದ ತಪಾಸಣೆಯವರಿಗೆ ತೋರಿಸುತ್ತಿದ್ದೆವು ಎಂದು ಒಪ್ಪಿಕೊಂಡರು. ಇನ್ನೊಂದು ಭಾಗ ಹಳೆಯ ಹಾಸ್ಟೆಲಿನ ಬಚ್ಚಲುಮನೆಯ ಪಕ್ಕದ ಕೋಣೆಯಲ್ಲಿ ಇತ್ತಂತೆ. ನೀನು ಆಗ ಹೇಳಿದ್ದೂ ಅದೇ ಕೋಣೆ. ಚಿಕ್ಕ ವ್ಯಾನಿನ ಸ್ಟಿಯರಿಂಗ್ ವಿಷಯವೂ ಬಂತು. "ಚಾಲಕರ ತಪ್ಪೆಂದು ಹೇಳಿದ್ದು ನಮ್ಮ ತಪ್ಪು" ಅಂತ ಅಧ್ಯಕ್ಷರು ಕಾಗದ ನೋಡಿಕೊಂಡು ಓದಿದರು. ನನ್ನ ಕೈಯಲ್ಲಿ ಮಿಸೋ ಸಾರಿನ ಸೌಟು ಇತ್ತು. ಒಲೆ ಆರಿಸುವುದನ್ನೂ ಮರೆತು ನಿಂತಿದ್ದೆ.

ಸುದ್ದಿ ಮುಗಿದು ಹವಾಮಾನ ಬಂತು, ಅದೂ ಮುಗಿದು ಅಡುಗೆಯ ಕಾರ್ಯಕ್ರಮ ಬಂತು, ಆಗಲೂ ಅಪ್ಪ ಟಿವಿಯನ್ನೇ ನೋಡುತ್ತಾ ಕೂತಿದ್ದರು. ನನ್ನ ಗಂಡ ತ್ಸುನೆಯೊ ಕಂಪನಿಯ ಪೇಂಟ್ ವಿಭಾಗದಿಂದ ಕೆಲಸ ಮುಗಿಸಿ ಬಂದವರು, ಅಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿಲ್ಲ ಅಂದರು. ಆಮೇಲೆ ಊಟ ಮಾಡುತ್ತಾ ಅಪ್ಪ ಇದ್ದಕ್ಕಿದ್ದಂತೆ ಹಳೆಯದನ್ನು ಹೇಳತೊಡಗಿದರು. ಅಮ್ಮ ಬದುಕಿದ್ದಾಗಲೂ ಅವರು ಇಷ್ಟು ಮಾತಾಡಿದ್ದು ನಾನು ಕೇಳಿಲ್ಲ. ಯುದ್ಧ ಮುಗಿದ ಮರುವರ್ಷ ಅವರು ಕೆಲಸಕ್ಕೆ ಸೇರಿದಾಗ ಮಿನೋಬೆಯಲ್ಲಿ ಕಾರು ಎಲ್ಲಿತ್ತು? ಮೊದಲು ಅದು ಟವೆಲ್ ನೇಯುವ ಮಗ್ಗಗಳನ್ನು ಮಾಡುವ ಕಾರ್ಖಾನೆ. ಬಾಂಬು ಬಿದ್ದು ಅರ್ಧ ಚಾವಣಿ ಹಾರಿಹೋಗಿತ್ತು. ಉಳಿದ ತಗಡಿನಲ್ಲಿ ಪಾತ್ರೆ, ಸೌಟು ಬಡಿಯುತ್ತಿದ್ದರು. ಮಳೆ ಬಂದರೆ ತಾವೇ ಮಾಡಿದ ಪಾತ್ರೆಗಳನ್ನು ಸೋರುವ ಕಡೆಯೆಲ್ಲ ಇಟ್ಟುಕೊಂಡು ಕೆಲಸ. ಆಮೇಲೆ ಮೂರು ಗಾಲಿಯ ಲಗೇಜು ಬಂಡಿ. ಮೊದಲ ಬಂಡಿಯನ್ನು ಸೇತುವೆಯ ಏರು ಹತ್ತಿಸಲು ಹನ್ನೆರಡು ಜನ ಹಿಂದಿನಿಂದ ತಳ್ಳಿದರಂತೆ. "ಹತ್ತಿತು ಅಂತ ಬರೆದುಕೊಂಡರು, ತಳ್ಳಿದ್ದು ಮಾತ್ರ ಬರೆಯಲಿಲ್ಲ" ಅಂತ ಅಪ್ಪ ನಕ್ಕರು.

ಐವತ್ತೊಂಬತ್ತರಲ್ಲಿ 'ಹಿಬಾರಿ' ಕಾರು ಬಂತು, ಊರೇ ಬೇರೆಯಾಯಿತು. ನಮಗೆ ಆಸ್ಪತ್ರೆ ಅಂದರೆ ಕಂಪನಿಯ ಆಸ್ಪತ್ರೆ, ಅಂಗಡಿ ಅಂದರೆ ಕಂಪನಿಯ ಅಂಗಡಿ, ಬೇಸ್‌ಬಾಲ್ ಅಂದರೆ ಕಂಪನಿಯ ತಂಡ. ತಾತ ಕೊಂಡ ಮಿನೋಬೆಯನ್ನು ಮೊಮ್ಮಗ ಓಡಿಸುತ್ತಾನೆ ಅಂತ ಜಾಹೀರಾತು ಬರುತ್ತಿತ್ತು, ಅದು ಸುಳ್ಳೂ ಆಗಿರಲಿಲ್ಲ. ಅಪ್ಪ ಬಾಗಿಲು ಕೂರಿಸುವ ವಿಭಾಗದ ಮೇಸ್ತ್ರಿಯಾಗಿದ್ದಾಗ ಕಣ್ಣು ಮುಚ್ಚಿಕೊಂಡು ಬಾಗಿಲು ಹಾಕಿ, ಸದ್ದಿನಿಂದಲೇ ಯಾವ ತಿರುಪು ಸಡಿಲ ಎಂದು ಹೇಳುತ್ತಿದ್ದರಲ್ಲ. ಅಮೆರಿಕಕ್ಕೆ ಹೋಗುವ ಮೊದಲ ಹಡಗಿಗೆ ಕಾರು ತುಂಬುವುದನ್ನು ನೋಡಲು ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿದ್ದರು. ನೀನು ಎಣಿಸುತ್ತಾ ಎಣಿಸುತ್ತಾ ನೂರರ ನಂತರ ತಪ್ಪಿ ಅತ್ತುಬಿಟ್ಟಿದ್ದೆ. ಇದೆಲ್ಲ ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಅಪ್ಪ ಆ ಊಟದ ಕೊನೆಯಲ್ಲಿ ಬಟ್ಟಲನ್ನು ಕೆಳಗಿಟ್ಟು, "ಇಷ್ಟೂ ಸುಳ್ಳಲ್ಲ ಕಣಮ್ಮ ಫುಸಾಕೊ. ಇಷ್ಟೂ ಸುಳ್ಳಲ್ಲದೆ ಇದ್ದದ್ದಕ್ಕೇ ಅವನ ಮಾತು ನಂಬೋಕೆ ನನ್ನಿಂದ ಆಗಲಿಲ್ಲ" ಅಂದರು. ಹದಿನೇಳು ವರ್ಷಗಳ ಮೇಲೆ ಈ ಮನೆಯಲ್ಲಿ ಅಪ್ಪನ ಬಾಯಿಂದ ನಿನ್ನ ಮಾತು ಬಂದದ್ದು ಅದೇ ಮೊದಲು.

ಈಗ ನಿನಗೆ ಗೊತ್ತಿಲ್ಲದ ವಿಷಯ. ದೂರು ವಿಭಾಗದಲ್ಲಿದ್ದ ನೀನು ಆ ಪತ್ರಗಳ ವಿಷಯವನ್ನು ಪತ್ರಿಕೆಗೆ ತಿಳಿಸಿದೆ, ನಿನ್ನನ್ನು ಉಗ್ರಾಣದಲ್ಲಿ ಕೈಗವಸು ಎಣಿಸಲು ಹಾಕಿದರು, ಯಾರೂ ಮಾತಾಡಿಸದೆ ಹೋದರು, ನೀನು ಊರು ಬಿಟ್ಟೆ, ಅದಿಷ್ಟು ನಿನಗೆ ಗೊತ್ತು. ನೀನು ಉತ್ತರದ ರೈಲು ಹತ್ತಿದ ಮರುದಿನ ಅಪ್ಪ ಕಪ್ಪು ಕೋಟು ಹಾಕಿಕೊಂಡು ನಮ್ಮ ಕೇರಿಯ ಹನ್ನೊಂದು ಮನೆಗಳಿಗೆ ಹೋಗಿ, ಬಾಗಿಲ ಹೊರಗೇ ನಿಂತು, ನನ್ನ ಮಗ ಮಾಡಿದ ತಪ್ಪಿಗೆ ಕ್ಷಮಿಸಿ ಎಂದು ತಲೆ ಬಗ್ಗಿಸಿ ಬಂದರು. ಅಮ್ಮ ಆ ರಾತ್ರಿ ಅವರಿಗೆ ಬಡಿಸಲಿಲ್ಲ. ನಿನಗೆ ಹೇಳಬೇಡ ಅಂತ ಅಮ್ಮನೇ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಅವಳ ಉತ್ತರಕ್ರಿಯೆಗೆ ನೀನು ಬಂದು ಹಿಂದಿನ ಸಾಲಿನಲ್ಲಿ ಊದುಬತ್ತಿ ಹಚ್ಚಿ ಹೊರಟುಹೋದಾಗ ಹೇಳಿಬಿಡಲೇ ಅನ್ನಿಸಿತ್ತು. ಹೇಳಲಿಲ್ಲ.

ಕಳೆದ ಶನಿವಾರ ಬೆಳಿಗ್ಗೆ ಅಪ್ಪ ಅದೇ ಕಪ್ಪು ಕೋಟು ಹಾಕಿಕೊಂಡು ಹೊಸಿಲಲ್ಲಿ ಕೂತು ಶೂ ಕಟ್ಟುತ್ತಿದ್ದರು. ಕೋಟು ಈಗ ಹೆಗಲಿನಿಂದ ಜಾರುತ್ತದೆ. ಯಾರು ತೀರಿಕೊಂಡರು ಅಂತ ಕೇಳಿದೆ. "ಯಾರೂ ಇಲ್ಲ. ಕಾರು ತೆಗಿ. ನಡೆಯೋಕೆ ಮಂಡಿ ಬಿಡಲ್ಲ. ನಾನು ಕೊಟ್ಟಿದ್ದ ಕ್ಷಮಾಪಣೆ ವಾಪಸ್ ಇಸ್ಕೊಂಡು ಬರಬೇಕು" ಅಂದರು. ತ್ಸುನೆಯೊ ಹಲ್ಲುಜ್ಜುತ್ತಿದ್ದವರು ಬಾಯಿ ತುಂಬ ನೊರೆ ಇಟ್ಟುಕೊಂಡೇ ಓಡಿಬಂದರು. "ಮಾವಾ, ಬೇಡ. ಮುಂದಿನ ತಿಂಗಳು ಕಂಪನಿಯವರು ಯಾರನ್ನ ಕೆಲಸ ಬಿಡಿಸಿ ಮನೆಗೆ ಕಳಿಸ್ತಾರೋ ಗೊತ್ತಿಲ್ಲ. ಇಂಥಾ ಹೊತ್ತಲ್ಲಿ ನಮ್ಮ ಮನೆ ಹೆಸರು ಎಲ್ಲರ ಬಾಯಿಗೂ ಬರೋದು ಬೇಕಾ?" ಅವರು ಹೇಳಿದ್ದರಲ್ಲೂ ತಪ್ಪಿರಲಿಲ್ಲ ಅಣ್ಣಾ. ಅಪ್ಪ ಅಳಿಯನನ್ನು ಬೈಯಲಿಲ್ಲ. "ಬೇಕಾ ಅಂದ್ರೆ ಬೇಡ ಕಣಯ್ಯ. ಹೋದ ಸಲ ಅದನ್ನೇ ಯೋಚಿಸಿ ಹೋಗಿದ್ದೆ" ಅಂದರು. ತ್ಸುನೆಯೊ ಬಾಯಿ ತೊಳೆದುಕೊಂಡು ಬಂದವರು ಕಾರಿನ ಗಾಜಿನ ಮೇಲಿನ ಧೂಳು ಒರೆಸಿಕೊಟ್ಟರು.

ಎರಡು ದಿನ ಹಿಡಿಯಿತು. ಪ್ರತಿ ಬಾಗಿಲಲ್ಲೂ ಅಪ್ಪ ಅದೇ ಮಾತು ಹೇಳಿದರು, ಒಂದಕ್ಷರ ಹೆಚ್ಚುಕಡಿಮೆಯಿಲ್ಲ: "ಹದಿನೇಳು ವರ್ಷದ ಹಿಂದೆ ನನ್ನ ಮಗ ತಪ್ಪು ಮಾಡಿದ ಅಂತ ಇಲ್ಲಿ ನಿಂತು ಕ್ಷಮೆ ಕೇಳಿದ್ದೆ. ಅವನು ತಪ್ಪು ಮಾಡಿರಲಿಲ್ಲ. ಆ ಕ್ಷಮೆ ವಾಪಸ್ ತಗೊಳ್ತಿದ್ದೀನಿ." ಮೊದಲ ಮನೆಯ ಮುದುಕಿಗೆ ಕಿವಿ ಕೇಳಿಸುವುದಿಲ್ಲ. ಏನೋ ಕೇಳಲು ಬಂದಿದ್ದಾರೆ ಅಂದುಕೊಂಡು ಮೂಲಂಗಿ ಉಪ್ಪಿನಕಾಯಿ ತಂದುಕೊಟ್ಟಳು. ಎರಡು ಮನೆಗಳಲ್ಲಿ ಯಜಮಾನರು ಕಾಲವಾಗಿದ್ದಾರೆ. ಅಪ್ಪ ಒಳಗೆ ಹೋಗಿ ಅವರ ಫೋಟೋ ಮುಂದೆ ಗಂಟೆ ಬಾರಿಸಿ, ಅಲ್ಲೂ ಪೂರ್ತಿ ಹೇಳಿದರು. ಹೊರಗೆ ಬಂದು, "ಇವರೇ ವಾಸಿ, ಎದುರು ವಾದಿಸಲ್ಲ" ಅಂದರು. ಒಂದು ಮನೆಯಲ್ಲಿ ಬಾಗಿಲನ್ನೇ ತೆರೆಯಲಿಲ್ಲ, ಒಳಗಡೆ ಟಿವಿ ಸದ್ದು ಕಡಿಮೆ ಮಾಡಿದ್ದು ಮಾತ್ರ ಕೇಳಿಸಿತು. ಅಪ್ಪ ಮುಚ್ಚಿದ ಬಾಗಿಲಿಗೇ ಹೇಳಿ ಬಂದರು.

ಇವಾಸೆ ಮಾಮನ ಮನೆಯಲ್ಲಿ ಜಗಳವಾಯಿತು. ಗೊತ್ತಲ್ಲ, ಆಗ ಕಾರ್ಮಿಕ ಸಂಘದ ಮುಖಂಡರಾಗಿದ್ದು, ನಿನ್ನ ಎದುರಿಗೆ ಬಂದರೆ ರಸ್ತೆ ದಾಟಿ ಹೋಗುತ್ತಿದ್ದವರು. ಮೊದಲು ಅಪ್ಪನ ಜೊತೆ ತಮಾಷೆ ಮಾಡಿದರು. "ಕ್ಷಮೆ ಏನು ಕೊಡೆಯೇನೋ ತೆರಾದಾ, ವಾಪಸ್ ಕೊಡೋಕೆ? ಎಲ್ಲಿಟ್ಟಿದ್ದೀನೋ ನೆನಪಿಲ್ಲ, ಹೋಗು." ಅಪ್ಪ ಕದಲಲಿಲ್ಲ. ಆಗ ಮಾಮನ ದನಿ ಏರಿತು. "ನಲವತ್ತು ವರ್ಷ ಗೇಯ್ದಿದ್ದೀವಿ ಅಲ್ಲಿ. ನಿನ್ನೆ ನನ್ನ ಮೊಮ್ಮಗಳು ಶಾಲೆಯಿಂದ ಅಳ್ತಾ ಬಂದ್ಲು, ನಿಮ್ಮಜ್ಜನ ಕಾರು ಜನರನ್ನ ಸಾಯಿಸುತ್ತೆ ಅಂದ್ರಂತೆ. ಉಳಿದಿರೋ ಮಾನಾನೂ ನೀನು ಮನೆಮನೆಗೆ ಹೋಗಿ ಚೆಲ್ತೀಯಾ?" ಅಪ್ಪ, "ನೀನು ಬಿಗಿದ ಬೋಲ್ಟ್ ಬಿಗಿಯಾಗೇ ಇತ್ತು ಇವಾಸೆ. ಅದನ್ನ ನಾನು ವಾಪಸ್ ತಗೋತಿಲ್ಲ. ಮಗನ ವಿಷಯ ಮಾತ್ರ" ಅಂದರು. ಮಾಮ ಒಳಗೆ ಹೋದರು. ನಾವು ಕಾರಿನ ಹತ್ತಿರ ಬಂದಾಗ ಮತ್ತೆ ಹೊರಗೆ ಬಂದು, "ಹುಡುಗ ಎಲ್ಲಿದ್ದಾನೆ? ಚೆನ್ನಾಗಿದ್ದಾನಾ?" ಅಂತ ನನ್ನನ್ನು ಕೇಳಿದರು, ಅಪ್ಪನನ್ನು ನೋಡಲಿಲ್ಲ. ನಿನಗೀಗ ನಲವತ್ತೊಂಬತ್ತು, ಅವರಿಗೆ ಇನ್ನೂ ಹುಡುಗನೇ.

ಹನ್ನೊಂದೂ ಮುಗಿಯಿತು ಅಂತ ನಾನು ಮನೆಯ ಕಡೆ ತಿರುಗಿಸಿದರೆ, ಅಪ್ಪ ಘಟ್ಟದ ಕಡೆ ಕೈ ತೋರಿಸಿದರು. ಕಾತ್ಸುನೊ ಅವರ ನೂಡಲ್ ಅಂಗಡಿಗೆ. ಟಿವಿಯಲ್ಲಿ ಹೇಳಿದ ಆ ಚಿಕ್ಕ ವ್ಯಾನು ಘಟ್ಟದ ತಿರುವಿನಲ್ಲಿ ಉರುಳಿ ಕಾಲು ಕಳೆದುಕೊಂಡವರು ಅವರೇ ಅಂತ ಅಪ್ಪನಿಗೆ ಗೊತ್ತಿತ್ತು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಅಂಗಡಿ ಖಾಲಿಯಿತ್ತು. ಆಕೆ ಮರದ ಕಾಲಿನ ಮೇಲೆ ನಿಂತು ಈರುಳ್ಳಿ ಸೊಪ್ಪು ಹೆಚ್ಚುತ್ತಿದ್ದರು. ಅಪ್ಪ ಅಲ್ಲಿ ಬೇರೆ ಮಾತು ಹೇಳಬೇಕಿತ್ತು. ನೆಲದ ಮೇಲೆ ಮಂಡಿಯೂರಿ ಹಣೆ ತಾಗಿಸಿದರು. ಆಕೆ ಚಾಕು ಕೆಳಗಿಟ್ಟು, "ಏಳಿ ಅಜ್ಜ, ನೆಲ ತಣ್ಣಗಿದೆ" ಅಂದರು. ಆಮೇಲೆ ಹೇಳಿದ್ದನ್ನು ಆದಷ್ಟು ಹಾಗೆಯೇ ಬರೆಯುತ್ತೇನೆ. "ನಿದ್ದೆಗಣ್ಣಲ್ಲಿ ಓಡಿಸಿದ್ಲು ಅಂತ ಎಲ್ಲರೂ ಅಂದ್ರು. ನಮ್ಮೆಜಮಾನ್ರೂ ಅಂದ್ರು. ನಿದ್ದೆ ಬಂದಿರಲಿಲ್ಲ ಅಂತ ಮೊದಮೊದಲು ನನಗೆ ಗೊತ್ತಿತ್ತು. ಕೇಳ್ತಾ ಕೇಳ್ತಾ ನಾನೂ ನಂಬಿಬಿಟ್ಟೆ. ನಿಮ್ಮ ಮಗ ಆಗಲೇ ಇಲ್ಲಿಗೆ ಬಂದು, ಅಕ್ಕಾ ನೀವು ನಿದ್ದೆ ಮಾಡಿರಲಿಲ್ಲ, ಸ್ಟಿಯರಿಂಗ್ ಕೈಕೊಟ್ಟಿತ್ತು ಅಂದಿದ್ದ. ಕಂಪನಿಯವನು ಆಟ ಆಡಿಸೋಕೆ ಬಂದ ಅಂದುಕೊಂಡು, ಹೋದ ಮೇಲೆ ಪೀಡೆ ತೊಲಗಲಿ ಅಂತ ಹೊಸಿಲಿಗೆ ಉಪ್ಪು ಎರಚಿದ್ದೆ. ಬುಧವಾರ ಟಿವಿ ನೋಡಿದಾಗಿಂದ ಅವನ ಮುಖ ನೆನಪು ಮಾಡಿಕೊಳ್ಳೋಕೆ ನೋಡ್ತಿದ್ದೀನಿ, ಆಗ್ತಿಲ್ಲ."

ನೀನು ಅವರ ಹತ್ತಿರ ಹೋಗಿದ್ದೆ ಎಂದು ನಮಗೆ ಯಾವತ್ತೂ ಹೇಳಲಿಲ್ಲ. ಅಪ್ಪ ಜೇಬಿನಿಂದ ನಿನ್ನ ಫೋಟೋ ತೆಗೆದು ತೋರಿಸಿದರು. ಅದು ಅವರ ಜೇಬಿಗೆ ಎಲ್ಲಿಂದ ಬಂತು, ಎಷ್ಟು ದಿನದಿಂದ ಇತ್ತು ಅಂತ ನಾನು ಕೇಳಲಿಲ್ಲ. ಕಾತ್ಸುನೊ ಅವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ನಮಗಿಬ್ಬರಿಗೂ ಬಿಸಿ ನೂಡಲ್ ಕೊಟ್ಟರು. ಅಪ್ಪ ಸಾರನ್ನೂ ಬಿಡದೆ ಕುಡಿದರು. ದಾರಿಯುದ್ದಕ್ಕೂ ಕಿಟಕಿಯ ಕಡೆ ತಿರುಗಿ ಅಳುತ್ತಿದ್ದರು. ನಾನು ರೇಡಿಯೋ ಹಾಕಿದೆ.

ಅಪ್ಪ ನಿನಗೆ ತಾವೇ ಬರೆಯಬೇಕೆಂದು ಮೂರು ಸಲ ಕೂತರು. ಮೂರರಲ್ಲೂ ಹವಾಮಾನ ಬಿಟ್ಟರೆ ಬೇರೇನೂ ಇಲ್ಲ. ಕೊನೆಗೆ ನನ್ನ ಮುಂದೆ ಕಾಗದ ತಳ್ಳಿ, "ಹೊಸವರ್ಷಕ್ಕೆ ಬರ್ತಾನಾ ಕೇಳು. ಬರಲ್ಲ ಅಂದ್ರೆ, ಮಾರ್ಚಿನಲ್ಲಿ ಹಿಮ ಕರಗಿದ ಮೇಲೆ ನಾನೇ ಬರಬಹುದಾ ಕೇಳು" ಅಂದರು. ಇದು ಅಪ್ಪನ ಪ್ರಶ್ನೆ. ಉತ್ತರವನ್ನು ನೇರ ಅವರಿಗೇ ಬರಿ, ಒಂದೇ ಸಾಲಾದರೂ ಸಾಕು.

ಅತ್ತಿಗೆಗೆ ನನ್ನ ನಮಸ್ಕಾರ. ಇಬ್ಬರೂ ಬೆಚ್ಚಗಿರಿ. ಅಪ್ಪನ ಆಶೀರ್ವಾದ ಇದರ ಜೊತೆಗಿದೆ. ಹಾಗಂತ ಬರಿ ಅಂದು ಅಡುಗೆಮನೆಯಿಂದಲೇ ಕೂಗಿ ಹೇಳುತ್ತಿದ್ದಾರೆ.

ನಿನ್ನ ತಂಗಿ
ಫುಸಾಕೊ

ತಾ.ಕ.: ಅಂಚೆ ಪೆಟ್ಟಿಗೆಯ ತನಕ ಹೋಗಿ ವಾಪಸ್ ಬಂದು ಇದನ್ನು ಬರೆಯುತ್ತಿದ್ದೇನೆ. ಪತ್ರಿಕೆಯಲ್ಲಿ ನಿನ್ನ ಹೆಸರು ಇರಲಿಲ್ಲ. ಆದರೂ ಕಂಪನಿಗೆ ಅದೇ ದಿನ ಹೇಗೆ ಗೊತ್ತಾಯಿತು ಎಂದು ನೀನು ಅಮ್ಮನ ಹತ್ತಿರ ಕೇಳುತ್ತಿದ್ದೆ. ವರದಿಗಾರನೇ ಹೇಳಿರಬೇಕು ಎಂದು ನೀನು ಅಂದುಕೊಂಡೆ. ಹೇಳಿದ್ದು ನಾನು. ಆಗ ನಾನು ಕಂಪನಿಯ ಸ್ವಾಗತದ ಮೇಜಿನಲ್ಲಿದ್ದೆ. ಸುದ್ದಿ ಬಂದ ದಿನ ದೂರು ವಿಭಾಗದ ಮುಖ್ಯಸ್ಥರು ಬಂದು ನಗುತ್ತಾ, "ನಿಮ್ಮಣ್ಣ ಮನೇಲೂ ಕೆಲಸ ಮಾಡ್ತಾನಂತೆ?" ಅಂದರು. "ಹೌದು ಸಾರ್, ಪತ್ರಗಳ ಪೆಟ್ಟಿಗೇನೇ ಮನೆಗೆ ತರ್ತಾನೆ" ಅಂದೆ. ಬೆಳಿಗ್ಗೆ ಪತ್ರಿಕೆ ಓದಿರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಓದಿದ್ದೆ. ಮಾತಿನ ಮಧ್ಯದಲ್ಲೇ ನನಗೆ ಅರ್ಥವಾಯಿತು. ಹೆದರಿಕೆಯಾಯಿತು, ಆದರೂ ವಾಕ್ಯ ಪೂರ್ತಿ ಮಾಡಿದೆ. ಅಪ್ಪನಿಗೆ ಇನ್ನೂ ಹೇಳಿಲ್ಲ, ಮೊದಲು ನಿನಗೆ. ಇದನ್ನು ತಿಳಿದ ಮೇಲೂ ಬರುವುದಾದರೆ, ಸ್ಟೇಷನ್ನಿಗೆ ನಾನೂ ಬರಬಹುದೋ, ಅಪ್ಪನನ್ನು ತ್ಸುನೆಯೊ ಜೊತೆ ಕಳಿಸಲೋ, ಅದೊಂದನ್ನು ಬರೆದು ತಿಳಿಸು.