ಆವನಿ ತಿರುವಿನಲ್ಲಿ ನಿಂತವಳು

ಭಾನುವಾರ, ನವೆಂಬರ್ 9

ನಿದ್ದೆ ಬರುತ್ತಿಲ್ಲ. ಕಣ್ಣು ಮುಚ್ಚಿದರೆ ಅದೇ ತಿರುವು.

ನಮ್ಮ ಬೈಕ್ ಗುಂಪಿನ ನಿಯಮ: ತಿರುವು ಬಂದಾಗ ಎರಡನೆಯ ಸವಾರ ಅಲ್ಲೇ ನಿಂತು ಹಿಂದಿನವರಿಗೆ ದಾರಿ ತೋರಿಸಬೇಕು, ಕೊನೆಯವನು ಬರುವವರೆಗೆ ಕದಲಬಾರದು. ಇವತ್ತೇ ಸೇರಿದ ಕ್ಯಾಲನೂರಿನ ಭಾರ್ಗವಿಗೆ ಅದನ್ನು ಹೇಳಿಕೊಟ್ಟವನು ನಾನೇ. ಕೊನೆಯವನೂ ನಾನೇ.

ಪಂಕ್ಚರ್ ಹಾಕಿಸಿಕೊಂಡು ತಡವಾಯಿತೆಂದು, ನನಗೆ ಗೊತ್ತಿಲ್ಲದ ದಾರಿಯೇ ಎಂಬ ಗತ್ತಿನಲ್ಲಿ, ಹೊಲಗಳ ನಡುವಿನ ಒಳದಾರಿ ಹಿಡಿದೆ. ಆವನಿಯಲ್ಲಿ ಉಳಿದವರು ಕಾಫಿ ಕುಡಿಯುತ್ತಿದ್ದರು. ಮುಂದಾಳು ಮುರಳಿಮೋಹನ್ ನನ್ನ ಬೆನ್ನ ಹಿಂದೆ ನೋಡಿ ಕೇಳಿದ, "ಏನ್ಲಾ, ಆ ಹುಡುಗಿ ಎಲ್ಲಿ?"

ಹೆದ್ದಾರಿಯ ತಿರುವಿನಲ್ಲಿ ನಿಂತವಳು ಭಾರ್ಗವಿಯೇ; ಒಳದಾರಿಯಲ್ಲಿ ಬಂದ ನನಗೆ ಆ ತಿರುವೇ ಸಿಕ್ಕಿರಲಿಲ್ಲ. ಅವಳು ಫೋನ್ ಎತ್ತಲಿಲ್ಲ. ಹೆದ್ದಾರಿ, ಲಾರಿಗಳು, ಇಳಿಯುತ್ತಿದ್ದ ಬಿಸಿಲು. ವಾಪಸು ಓಡಿಸಿದ ಆ ದಾರಿ ಮುಗಿಯಲೇ ಒಲ್ಲದು.

ಅವಳು ಅಲ್ಲೇ ನಿಂತಿದ್ದಳು, ಹೆಲ್ಮೆಟ್ ಕೂಡ ತೆಗೆಯದೆ, ನಾವು ಹೊರಟುಬಂದ ಕೋಲಾರದ ಕಡೆಗೇ ಕಣ್ಣು ನೆಟ್ಟು. ಹಿಂದಿನಿಂದ ಬರಬೇಕಾದ ನಾನು ಮುಂದಿನಿಂದ ಬಂದೆ. ಅವಳು ಬೈಯಲಿಲ್ಲ. ನಾನು ಕಲಿಸಿದ್ದನ್ನೇ ಕೇಳಿದಳು:

"ಅಣ್ಣಾ, ಹಿಂದೆ ಇನ್ಯಾರಾದ್ರೂ ಅವ್ರಾ?"

ಯಾರೂ ಇಲ್ಲವೆಂದು ತಲೆಯಾಡಿಸಿದೆ. ಅವಳು ರಸ್ತೆಯನ್ನು ಇನ್ನೊಮ್ಮೆ ತಾನೇ ನೋಡಿ, ಆಮೇಲೆ ಬೈಕ್ ಹತ್ತಿದಳು.